ಕರೆಯುವ ದೀಪ

ಮುದ್ದೇಬಿಹಾಳಕ್ಕೆ ವರ್ಗವಾಯಿತೆಂದು ತಿಳಿದ ದಿನ ಪ್ರಹ್ಲಾದನ ಕಣ್ಣು ಮೊದಲು ಹೋದದ್ದು ಮಾಳಿಗೆಯಿಂದ ಬೇವಿನ ಮರಕ್ಕೆ ಎಳೆದಿದ್ದ ತಾಮ್ರದ ತಂತಿಯ ಮೇಲೆ. ಬಿಸಿಲು ಮಳೆಗೆ ಅದು ಹಸಿರುಗಟ್ಟಿತ್ತು. ಗುಬ್ಬಿಗಳು ಕೂತು ಕೂತು ನಡುವೆ ಜೋತುಬಿದ್ದಿತ್ತು. ಎಪ್ಪತ್ತೊಂಬತ್ತರ ಬೇಸಿಗೆ ಅದು. ಗೊಳಸಂಗಿಯ ಹೈಸ್ಕೂಲಿನಲ್ಲಿ ಅವನು ವಿಜ್ಞಾನ ಕಲಿಸುವ ಮಾಸ್ತರ, ಹಾಗಾಗಿ ಅದು ರೇಡಿಯೋದ ತಂತಿಯೇ ಇರಬೇಕೆಂದು ಅರ್ಧ ಊರು ತಿಳಿದಿತ್ತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಹೆಂಡತಿ ರಂಗೂಬಾಯಿ, ಅದನ್ನು ಇಳಿಸುತ್ತೀರೋ ಹಾಗೇ ಬಿಡುತ್ತೀರೋ ಎಂದು ಕೇಳಿದಳು. ಮಾಸ್ತರ ಏಣಿ ಹುಡುಕುವ ನೆವದಲ್ಲಿ ಹಿತ್ತಿಲಿಗೆ ಹೋದ.

ಆ ತಂತಿ ಒಂದು ಕಾಲಕ್ಕೆ ಅವನ ತಾಯಿಯ ದನಿಯಾಗಿತ್ತು.

ತಾಯಿ ವೆಂಕೂಬಾಯಿಗೆ ನಿಜವಾದ ದನಿ ಇದ್ದಾಗ ಅದು ಅಂತಿಂಥ ದನಿಯಾಗಿರಲಿಲ್ಲ. ದೇವರ ನೈವೇದ್ಯವಾಗಿ, ಊಟವಾಗಿ, ಗೋಮಯ ಹಚ್ಚಿ, ಮಡಿ ಸೀರೆ ಬಿಚ್ಚಿಟ್ಟು ಬಂದು ಹಿತ್ತಿಲ ಬಾಗಿಲಲ್ಲಿ ನಿಂತು ಆಕೆ "ಕಾಶೀ, ಬಾ ಇನ್ನ" ಎಂದು ಕೂಗಿದರೆ ಬೇವಿನ ಮರದ ಕಾಗೆಗಳು ಎದ್ದು ಹಾರುತ್ತಿದ್ದವು. ಆ ಕೂಗು ಅಂಗಳ ದಾಟಿ, ಓಣಿ ದಾಟಿ, ಹುಡೇವು ಎನ್ನುವ ಹಳೇ ಕಾವಲು ಬುರುಜು ಕುಸಿದು ಆದ ಮಣ್ಣಿನ ದಿಬ್ಬ ಹತ್ತಿಳಿದು, ಆಚೆ ಕಡೆಯ ಕಾಶೀಬಾಯಿಯ ಮನೆಗೆ ಮುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಶೀಬಾಯಿ ಸೆರಗಿನಲ್ಲಿ ಹಸಿ ಕಡಲೆಯನ್ನೋ ನಾಲ್ಕು ಬದನೆಕಾಯನ್ನೋ ಕಟ್ಟಿಕೊಂಡು ದಿಬ್ಬದ ಬದಿಯಿಂದ ಬರುವುದು ಕಾಣಿಸುತ್ತಿತ್ತು.

ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಒಬ್ಬಾಕೆ ವೈಷ್ಣವರ ಮನೆಗೆ, ಇನ್ನೊಬ್ಬಾಕೆ ಒಕ್ಕಲುತನದ ಮನೆಗೆ. ಊರ ಬಾವಿಯ ಕಟ್ಟೆಯ ಮೇಲೆ, ಅತ್ತೆಯಂದಿರನ್ನು ಬೈಯುತ್ತ ಬೈಯುತ್ತ ಗೆಳೆತನವಾಯಿತು. ಅತ್ತೆಯಂದಿರು ಹೋದರು, ಗಂಡಂದಿರೂ ಹೋದರು, ಬೈಯುವುದಕ್ಕೆ ಸೊಸೆಯಂದಿರು ಬಂದರು, ಗೆಳೆತನ ಹಾಗೇ ಇತ್ತು. ಮಧ್ಯಾಹ್ನದ ಹೊತ್ತು ವೆಂಕೂಬಾಯಿ ಹೊಸ್ತಿಲ ಒಳಗೆ, ಕಾಶೀಬಾಯಿ ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ. ಉಂಡಿಯೋ ಶೇಂಗಾ ಬೆಲ್ಲವೋ ಕೊಡುವಾಗ ವೆಂಕೂಬಾಯಿ ಮೇಲಿಂದ ಹಾಕುವಳು, ಕಾಶೀಬಾಯಿ ಕೆಳಗೆ ಬೊಗಸೆ ಒಡ್ಡುವಳು. ಕೈಗೆ ಕೈ ತಾಗುತ್ತಿರಲಿಲ್ಲ. ಒಂದು ಕಾಳೂ ನೆಲಕ್ಕೆ ಬೀಳುತ್ತಿರಲಿಲ್ಲ. ಸಣ್ಣವನಿದ್ದಾಗ ಪ್ರಹ್ಲಾದ ಅದನ್ನು ಒಂದು ಆಟವೆಂದೇ ತಿಳಿದಿದ್ದ. ಅದು ಆಟವಲ್ಲವೆಂದು ತಿಳಿದ ಮೇಲೂ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಈ ಗೆಳೆತನಕ್ಕೆ ಒಂದೇ ಒಂದು ಕಟ್ಟಳೆ ಇತ್ತು. ಕರೆಯದೆ ಕಾಶೀಬಾಯಿ ಬರುತ್ತಿರಲಿಲ್ಲ. ಅಡುಗೆಯಾಗುವಾಗ, ಪೂಜೆಯಾಗುವಾಗ ವೆಂಕೂಬಾಯಿ ಮಡಿಯಲ್ಲಿರುತ್ತಾಳೆ. ಆ ಹೊತ್ತಿನಲ್ಲಿ ಬೇರೆಯವರು ಅಂಗಳಕ್ಕೆ ಕಾಲಿಟ್ಟರೂ ಮತ್ತೆ ಸ್ನಾನ, ಮತ್ತೆ ಅಡುಗೆ. ಯಾವ ದಿನ ಮಡಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ದಿಬ್ಬದ ಆಚೆಗೆ ಗೊತ್ತಾಗುವುದು ಹೇಗೆ? ಕೂಗು ಬಂದರೆ ಮುಗಿಯಿತೆಂದು ಅರ್ಥ. ಬಾರದಿದ್ದರೆ ಇಲ್ಲವೆಂದು ಅರ್ಥ. ಬಂದ ಹೊಸತರಲ್ಲಿ ಒಮ್ಮೆ ಕಾಶೀಬಾಯಿ ಕರೆಯದೆ ಬಂದು, ವೆಂಕೂಬಾಯಿಯ ಅತ್ತೆಯ ಕೈಯಲ್ಲಿ ಆಗಬಾರದಷ್ಟು ಅನ್ನಿಸಿಕೊಂಡಿದ್ದಳಂತೆ. ಅವತ್ತಿನಿಂದ ಆಕೆ ಕಟ್ಟಳೆ ಮುರಿದವಳಲ್ಲ.

ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ವೆಂಕೂಬಾಯಿಗೆ ಲಕವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಾಯಿತು. ಡಾಕ್ಟರು, ವೈದ್ಯರು, ಎಣ್ಣೆ ಎಲ್ಲ ಆದ ಮೇಲೆ ಕಾಲು ಸ್ವಲ್ಪ ಚೇತರಿಸಿಕೊಂಡಿತು, ದನಿ ಮಾತ್ರ ತಿರುಗಿ ಬರಲಿಲ್ಲ. ಪಡಸಾಲೆಯ ಕಿಟಕಿಯ ಹತ್ತಿರ ಆಕೆಗೆ ಹಾಸಿಗೆಯಾಯಿತು. ಮಧ್ಯಾಹ್ನವಾಗುತ್ತಲೂ ಆಕೆ ದಿಬ್ಬದ ಕಡೆ ನೋಡುವಳು. ಬಾಯಿ ತೆರೆಯುವಳು. ಬರೀ ಗಾಳಿ ಹೊರಡುವುದು.

ಕಾಶೀಬಾಯಿ ಒಂದು ಸಲ ಎಲ್ಲರ ಜೊತೆ ನೋಡಿಕೊಂಡು ಹೋದವಳು ಮತ್ತೆ ಬರಲಿಲ್ಲ. ಪ್ರಹ್ಲಾದನಿಗೆ ಸಿಟ್ಟೇ ಬಂತು. ದಿಬ್ಬ ದಾಟಿ ಹೋಗಿ ಕೇಳಿದ. ಆಕೆ ಕಣ್ಣು ತುಂಬಿಕೊಂಡು, ಆದರೆ ದನಿ ಕುಗ್ಗಿಸದೆ ಹೇಳಿದಳು:

"ಜಡ್ಡಾದಾಗ ಎಲ್ಲಾರೂ ಬರ್ತಾರ, ನಾನೂ ಬಂದ್ನಿ. ದಿನಾ ಬರಬೇಕಂದ್ರ ಆಕಿ ಕರೀಬೇಕು ತಮ್ಮಾ. ಕರೀಲಾರದ ಹೆಂಗ ಬರ್ಲಿ?"

ಮರುದಿನ ರಂಗೂಬಾಯಿಯೇ ಹಿತ್ತಿಲಲ್ಲಿ ನಿಂತು ಕೂಗಿದಳು. ಕಾಶೀಬಾಯಿ ಬಂದಳು, ಕಟ್ಟೆಯ ಮೇಲೆ ಕೂತಳು. ವೆಂಕೂಬಾಯಿ ಗೋಡೆಯ ಕಡೆ ಹೊರಳಿದವಳು ಇತ್ತ ತಿರುಗಲೇ ಇಲ್ಲ. ಬೇರೆಯವರ ಬಾಯಿಂದ ಕರೆಸಿಕೊಂಡು ಬಂದ ಗೆಳತಿ ಆಕೆಗೆ ಬೇಕಿರಲಿಲ್ಲ. ರೋಗಿಯನ್ನು ನೋಡಲು ಬರುವವರು ಊರ ತುಂಬ ಇದ್ದರು. ಆಕೆಗೆ ಬೇಕಾಗಿದ್ದದ್ದು ತಾನು ಕರೆದರೆ ಬರುವ ಕಾಶಿ. ಇದು ಪ್ರಹ್ಲಾದನಿಗೆ ಅವತ್ತು ತಿಳಿಯಿತು, ತಿಳಿದ ಮೇಲೆ ಅವನಿಗೆ ಅನ್ನ ಸೇರಲಿಲ್ಲ.

ಮೊದಲು ಅವನು ಒಂದು ಕರೆಗಂಟೆ ತಂದು ಕಾಶೀಬಾಯಿಯ ಮನೆಯವರೆಗೆ ತಂತಿ ಎಳೆದ. ಮೂರನೆಯ ದಿನವೇ ಓಣಿಯಲ್ಲಿ ಬಂದ ಮೇವಿನ ಬಂಡಿ ತಂತಿಯನ್ನು ಕಣಿಕೆಯ ಜೊತೆ ಹೊತ್ತುಕೊಂಡು ಹೋಯಿತು. ಆಗ ತಂತಿಯೇ ಇಲ್ಲದೆ ಕರೆಯುವ ಹುಚ್ಚು ಅವನ ತಲೆಗೆ ಹತ್ತಿತು. ಬಾಗೇವಾಡಿಯ ಬಸ್‌ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುತ್ತಿದ್ದ ರಸೂಲಸಾಬ ಅವನ ಸಾಲಿ ಗೆಳೆಯ. ಇಬ್ಬರೂ ಕೂಡಿ ರವಿವಾರ ರವಿವಾರ ಹಳೇ ರೇಡಿಯೋಗಳ ಹೊಟ್ಟೆ ಬಗೆದು ಎರಡು ಡಬ್ಬಿ ಮಾಡಿದರು. ಒಂದರ ಮೇಲೆ ಒತ್ತುವ ಗುಂಡಿ, ಇನ್ನೊಂದರ ಮೇಲೆ ಬ್ಯಾಟರಿಯ ಬಲ್ಬು. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಬಲ್ಬು ಹತ್ತಬೇಕು. ಕೆಟ್ಟ ವಾಸನೆಯ ಹೊಗೆ, ಸುಟ್ಟ ಬೆರಳು, ರಂಗೂಬಾಯಿಯ ಗೊಣಗಾಟ ಎಲ್ಲ ಆದ ಮೇಲೆ ಒಂದು ದಿನ ಪಡಸಾಲೆಯಲ್ಲಿ ಒತ್ತಿದರೆ ಅಡುಗೆಮನೆಯಲ್ಲಿ ಹತ್ತಿತು. ಇಬ್ಬರೂ ಹುಡುಗರ ಹಾಗೆ ಕುಣಿದರು.

ಆದರೆ ಕಾಶೀಬಾಯಿ ಅಡುಗೆಮನೆಯಲ್ಲಿರಲಿಲ್ಲ, ದಿಬ್ಬದ ಆಚೆಗಿದ್ದಳು. ಬಲ್ಬಿನ ಡಬ್ಬಿ ಹಿಡಿದುಕೊಂಡು ಪ್ರಹ್ಲಾದ ನಡೆಯುತ್ತ ಹೋದರೆ ಅಂಗಳದವರೆಗೆ ದೀಪ ಉರಿಯುತ್ತಿತ್ತು, ಓಣಿಗೆ ಬಂದರೆ ಮಿಣುಕುತ್ತಿತ್ತು, ದಿಬ್ಬದ ಬುಡಕ್ಕೆ ಬರುತ್ತಲೂ ಸತ್ತೇಹೋಗುತ್ತಿತ್ತು. ರಸೂಲಸಾಬ ಮೇಲೆ ಎತ್ತರಕ್ಕೆ ತಂತಿ ಕಟ್ಟೋಣವೆಂದ. ಮಾಳಿಗೆಯಿಂದ ಬೇವಿನ ಮರಕ್ಕೆ ಏರಿಯಲ್ ಎಳೆದರು. ತಂತಿ ಇಲ್ಲದ್ದು ಎಂದು ಹೇಳಿ ಇಷ್ಟುದ್ದ ತಂತಿ ಯಾಕೆ ಬೇಕಾಯಿತು ಎಂದು ರಂಗೂಬಾಯಿ ಕೇಳಿದ್ದಕ್ಕೆ ಇಬ್ಬರು ಪಂಡಿತರೂ ಕೇಳಿಸದವರ ಹಾಗಿದ್ದರು. ದೀಪ ಈಗ ದಿಬ್ಬದ ನೆತ್ತಿಯವರೆಗೆ ಬಂತು. ಇಳಿದರೆ ಮತ್ತೆ ಕತ್ತಲೆ.

ಇನ್ನು ಉಳಿದದ್ದು ಅರ್ಥಿಂಗ್. ಡಬ್ಬಿಯ ಇನ್ನೊಂದು ತಂತಿಯನ್ನು ನೆಲಕ್ಕೆ ಇಳಿಸಬೇಕು, ಆ ನೆಲ ಯಾವಾಗಲೂ ಹಸಿಯಾಗಿರಬೇಕು. ಅಷ್ಟಾದರೆ ಏರಿಯಲ್ಲಿಗೆ ಬಲ ಬರುತ್ತದೆ. ಗೊಳಸಂಗಿಯ ಎರೆ ಮಣ್ಣು ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಹಸಿ ನೆಲ ಎಲ್ಲಿಂದ ತರುವುದು? ಬಚ್ಚಲ ಮೋರಿ ಆಗಬಹುದು, ಆದರೆ ಅದು ಮನೆಯ ಆಚೆ ತುದಿಗಿತ್ತು. ಇಬ್ಬರೂ ಪಡಸಾಲೆಯಲ್ಲಿ ಕೂತು ತಲೆ ಕೆರೆದುಕೊಳ್ಳುವಾಗ ವೆಂಕೂಬಾಯಿ ಎಡಗೈಯಿಂದ ಕಿಟಕಿಯ ಸರಳು ಬಡಿದಳು. ಹೊರಗೆ ಬೆರಳು ತೋರಿಸಿದಳು. ಕಿಟಕಿಯ ಎದುರಿಗೇ ತುಳಸಿಕಟ್ಟೆ. ದಿನಾ ಬೆಳಿಗ್ಗೆ ಅದಕ್ಕೆ ತುಂಬಿದ ಕೊಡ ನೀರು ಬೀಳುತ್ತದೆ, ಮೊದಲು ವೆಂಕೂಬಾಯಿ ಹಾಕುತ್ತಿದ್ದಳು, ಈಗ ಸೊಸೆ.

ತುಳಸಿಯ ಬುಡದಲ್ಲಿ ಲೋಹ ಹುಗಿಯುವುದೇ ಎಂದು ಪ್ರಹ್ಲಾದ ಹಿಂಜರಿದ. ವೆಂಕೂಬಾಯಿ ಅವನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿ, ದೇವರ ಮನೆಯ ಕಡೆ ಕೈ ಮಾಡಿದಳು. ಅಲ್ಲಿ ತೂತು ಬಿದ್ದು ಮೂಲೆ ಸೇರಿದ್ದ ತಾಮ್ರದ ಹರಿವಾಣವಿತ್ತು. ತಾಮ್ರಕ್ಕೆ ಮೈಲಿಗೆ ಇಲ್ಲವಲ್ಲ. ಅದಕ್ಕೇ ತಂತಿ ಬೆಸೆದು ಕಟ್ಟೆಯ ಬುಡದಲ್ಲಿ ಹುಗಿದರು. ಅವತ್ತು ಕಾಶೀಬಾಯಿಯ ಮನೆಯ ಜಗಲಿಯ ಗೋಡೆಯ ಮಾಡದಲ್ಲಿಟ್ಟ ಡಬ್ಬಿಯ ಮೇಲೆ ಬಲ್ಬು ನಿಚ್ಚಳವಾಗಿ ಹತ್ತಿತು. ಕಾಶೀಬಾಯಿ ಡಬ್ಬಿಗೆ ವಿಭೂತಿ ಹಚ್ಚಿ, ಸೆರಗು ಸರಿಮಾಡಿಕೊಂಡು, ಮೊದಲಿನ ಹಾಗೆಯೇ ದಿಬ್ಬದ ಬದಿಯಿಂದ ನಡೆದು ಬಂದಳು. ಕಿಟಕಿಯಲ್ಲಿ ವೆಂಕೂಬಾಯಿಯ ಸೊಟ್ಟ ಬಾಯಿ ನಕ್ಕಿತು. ರಸೂಲಸಾಬ ಬೀಡಿ ಸೇದುವ ನೆವದಲ್ಲಿ ಹೊರಗೆ ಹೋಗಿ ಕಣ್ಣು ಒರೆಸಿಕೊಂಡ.

ಆ ನಾಲ್ಕೈದು ತಿಂಗಳು ಪ್ರಹ್ಲಾದನಿಗೆ ಈಗಲೂ ನೆನಪಾದರೆ ಎದೆ ತುಂಬಿಬರುತ್ತದೆ. ಸಾಲಿಯಿಂದ ಬಂದರೆ ಕಟ್ಟೆಯ ಮೇಲೆ ಕಾಶೀಬಾಯಿ ಇರುತ್ತಿದ್ದಳು. ಮಾತೆಲ್ಲ ಆಕೆಯದೇ. ಈಚೆಯಿಂದ ಬರೀ ತಲೆಯಾಡುವುದು, ಹುಬ್ಬೇರುವುದು, ಒಮ್ಮೊಮ್ಮೆ ಸರಳು ಬಡಿಯುವುದು. ಅಷ್ಟರಲ್ಲೇ ಜಗಳವೂ ಆಗುತ್ತಿತ್ತು, ರಾಜಿಯೂ ಆಗುತ್ತಿತ್ತು. ಶೇಂಗಾ ಬೆಲ್ಲವನ್ನು ವೆಂಕೂಬಾಯಿ ಎಡಗೈಯಿಂದಲೇ ಕಿಟಕಿಯ ಸರಳಿನ ನಡುವಿಂದ ಮೇಲಿನಿಂದ ಹಾಕುವಳು. ಈಗ ನಾಲ್ಕು ಕಾಳು ನೆಲಕ್ಕೂ ಬೀಳುತ್ತಿದ್ದವು.

ಮರುವರ್ಷ ಹೋಳಿಹುಣ್ಣಿಮೆಯ ಹೊತ್ತಿಗೆ ರಂಗೂಬಾಯಿ ಬಾಣಂತನಕ್ಕೆ ತವರೂರು ಇಂಡಿಗೆ ಹೋದಳು. ಹೋಗುವಾಗ ಗಂಡನಿಗೆ ಹೇಳಿದ್ದರಲ್ಲಿ ತುಳಸಿಗೆ ನೀರು ಹಾಕುವುದೂ ಒಂದು. ಪ್ರಹ್ಲಾದ ತಪ್ಪಿಸಲಿಲ್ಲ. ಬೆಳಿಗ್ಗೆ ಸ್ನಾನವಾಗಿ, ಸಂಧ್ಯಾವಂದನೆಯಾಗಿ, ಶಾಸ್ತ್ರೋಕ್ತವಾಗಿ ಮಂತ್ರ ಹೇಳುತ್ತ, ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರೆತ್ತಿ ತುಳಸಿಗೆ ಬಿಡುತ್ತಿದ್ದ. ಉದ್ಧರಣೆಯೆಂದರೆ ಒಂದು ಚಮಚ. ಮಂತ್ರ ಉದ್ದವಿತ್ತು, ನೀರು ಗುಟುಕಿನಷ್ಟು. ಹೆಂಗಸರು ಕೊಡ ಬರಿದು ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವನಿಗೆ, ತಾನು ಹಾಕುವುದೂ ಅವರು ಹಾಕುವುದೂ ಬೇರೆಯೆಂದು ಹೊಳೆಯಲೇ ಇಲ್ಲ. ಶಾಸ್ತ್ರದ ಪ್ರಕಾರ ತುಳಸಿಗೆ ನೀರಾಗಿತ್ತು.

ಕೆಲವು ದಿನಕ್ಕೆ ತಾಯಿ ಊಟ ಬಿಟ್ಟಳು. ತನ್ನ ಕೈಯಡುಗೆಯ ಪ್ರತಾಪವೆಂದು ಪ್ರಹ್ಲಾದ ತಿಳಿದ. ಅಡುಗೆ ಬದಲಾಯಿಸಿದ. ಆಕೆ ಗೋಡೆಯ ಕಡೆ ಹೊರಳಿದವಳು ಹೊರಳಿಯೇ ಇದ್ದಳು. ಕಾಶವ್ವ ಬಂದಿದ್ದಳೇನು ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡಳು. ಮತ್ತೆ ಏನೋ ಜಗಳವಿರಬೇಕೆಂದು ನಗುತ್ತಲೇ ಅವನು ದಿಬ್ಬದ ಆಚೆ ಹೋದ. ಅಲ್ಲಿ ಕಾಶೀಬಾಯಿಯ ಮುಖ ನೋಡಿ ನಗು ಅಲ್ಲೇ ನಿಂತಿತು.

ದೀಪ ಹತ್ತದೆ ವಾರದ ಮೇಲಾಯಿತೆಂದು ಆಕೆ ಹೇಳಿದಳು. ದಿನಾ ಮಧ್ಯಾಹ್ನ ಸೊಸೆ ಶೇವಂತೆವ್ವ ಡಬ್ಬಿಯನ್ನು ಚಾಲೂ ಮಾಡಿ ಇಡುತ್ತಾಳೆ, ತಾನು ಮಾಡದ ಮುಂದೆಯೇ ಕೂತಿರುತ್ತಾಳೆ. ವೆಂಕೂಬಾಯಿಯನ್ನು ಆಕೆ ಬಾಯಾರು ಎಂದೇ ಕರೆಯುತ್ತಿದ್ದಳು; ಬಾಯಾರಿಗೆ ತನ್ನ ಮಾತು ಸಾಕಾಗಿರಬೇಕು. ತಾನಾದರೂ ಎಷ್ಟು ಮಾತಾಡುತ್ತೇನೆ, ಅದೂ ಬಾಯಿ ಹೋದವರ ಮುಂದೆ.

ಇತ್ತ ಆಕೆ ದಿನವೂ ಒತ್ತುತ್ತಿದ್ದಾಳೆ, ಅತ್ತ ಈಕೆ ದಿನವೂ ಕಾಯುತ್ತಿದ್ದಾಳೆ, ನಡುವೆ ತಾನು ಮಾಡಿಟ್ಟ ಡಬ್ಬಿ ಇಬ್ಬರ ಗೆಳೆತನವನ್ನು ನುಂಗುತ್ತಿದೆ. ಪ್ರಹ್ಲಾದ ಮಾಡದಿಂದ ಡಬ್ಬಿ ಎತ್ತಿ ನೋಡಿದ. ಡಬ್ಬಿ ಕೆಟ್ಟಿದೆ, ನೀನು ಸುಮ್ಮನೆ ಬಾ ಎಂದು ಹೇಳಿದ. ಆಕೆ ತಲೆಯಾಡಿಸಿದಳು. ಹೀಗೆ ಸೊಸೆ ಕರೆದಾಗ ಹೋಗಿಯೇ ಬಾಯಾರು ಒಮ್ಮೆ ಮುಖ ತಿರುವಿದ್ದರಲ್ಲ.

ಶನಿವಾರ ಬೆಳಗಿನ ಸಾಲಿ ಮುಗಿಸಿ ಬಂದವನೇ ಅವನು ಪಂಚೆ ಕಟ್ಟಿ ಕೆಲಸಕ್ಕೆ ನಿಂತ. ಎರಡೂ ಕಡೆ ಹೊಸ ಸೆಲ್ಲು ಹಾಕಿದ. ಹತ್ತಲಿಲ್ಲ. ಬೆಸುಗೆಗಳನ್ನೆಲ್ಲ ಕೆದಕಿ ನೋಡಿದ. ಹತ್ತಲಿಲ್ಲ. ಏರಿಯಲ್ಲೇ ಸಾಲದೆಂದು ಎಣಿಸಿ, ತಾಯಿಯ ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ತಾನು ಹೇಳುವತನಕ ಒತ್ತಿ ಹಿಡಿದಿರಬೇಕೆಂದು ಹೇಳಿ, ಇನ್ನೊಂದು ಬಿದಿರ ಗಳ ಹೊತ್ತುಕೊಂಡು ಮಾಳಿಗೆ ಹತ್ತಿದ. ದೀಪ ಹತ್ತಿದರೆ ಅಂಗಳಕ್ಕೆ ಬಂದು ಕೂಗಲು ಶೇವಂತೆವ್ವನಿಗೆ ಹೇಳಿಟ್ಟಿದ್ದ. ತಲೆಯ ಮೇಲೆ ಕೆಂಡದಂಥ ಬಿಸಿಲು. ಗಳ ಎತ್ತರಿಸಿದ, ತಂತಿ ಉದ್ದ ಮಾಡಿದ, ದಿಕ್ಕು ಬದಲಾಯಿಸಿದ. ಪ್ರತಿಸಲವೂ ದಿಬ್ಬದ ಆಚೆ ಶೇವಂತೆವ್ವ ಕೈಯಾಡಿಸಿ ಇಲ್ಲವೆನ್ನುತ್ತಿದ್ದಳು. ಒಂದು ಹೊತ್ತಿಗೆ ಅವನು ಗಳ ತಬ್ಬಿಕೊಂಡು ಕೂತೇಬಿಟ್ಟ. ಅವ್ವನ ದನಿಯನ್ನು ಒಮ್ಮೆ ದೇವರು ಕಸಿದುಕೊಂಡಿದ್ದ, ಎರಡನೆಯ ಸಲ ತಾನೇ ಕಸಿದೆನಲ್ಲ ಎಂದು ಅತ್ತ.

ಆಗ ದಿಬ್ಬದ ಬದಿಯಿಂದ ಕಾಶೀಬಾಯಿ ಬರುವುದು ಕಂಡಿತು. ತಲೆಯ ಮೇಲೆ ತುಂಬಿದ ಕೊಡ. ಬಾವಿಯಿಂದ ತನ್ನ ಮನೆಗೆ ಹೋಗುವವಳು ದಾರಿ ಬಿಟ್ಟು ಇತ್ತ ತಿರುಗಿದ್ದಳು. ಬೇಲಿಯ ಹತ್ತಿರ ಬಂದು ನಿಂತಳು. ಕರೆಯದೆ ಬಂದವಳು ಅದಕ್ಕಿಂತ ಮುಂದೆ ಬರಲಾರಳೆಂದು ಅವನಿಗೆ ಗೊತ್ತಿತ್ತು. ಆಕೆ ಅಂಗಳವನ್ನು ನೋಡಿದಳು, ಕಿಟಕಿಯನ್ನು ನೋಡಿದಳು. ನಡುವೆ ತುಳಸಿ ಎಲೆ ಮುದುಡಿ, ಕಡ್ಡಿ ಕರ್ರಗಾಗಿ ನಿಂತಿತ್ತು. ಕಟ್ಟೆಯ ಮಣ್ಣು ಬಿರಿದಿತ್ತು.

"ಯವ್ವಾ, ತುಳಸಾ ಒಣಗಿ ನಿಂತಾಳಲ್ಲ" ಎಂದು ತನಗೇ ಎಂಬ ಹಾಗೆ ಅಂದು, ಕಾಶೀಬಾಯಿ ಸೀದಾ ಒಳಗೆ ಬಂದಳು. ಮಡಿಯ ಅಂಗಳ, ಮಡಿಯ ತುಳಸಿ, ಯಾವುದನ್ನೂ ನೋಡಲಿಲ್ಲ. ತಲೆಯ ಮೇಲಿನ ಕೊಡ ಇಳಿಸಿ ಕಟ್ಟೆಯ ಮೇಲೆ ಬಗ್ಗಿಸಿದಳು. ಬಾಯಾರಿದ ಮಣ್ಣು ಸೊರ್ ಸೊರ್ ಎಂದು ಅಷ್ಟನ್ನೂ ಕುಡಿಯಿತು.

ಮಾಳಿಗೆಯ ಮೇಲೆ ಪ್ರಹ್ಲಾದ ಎದ್ದು ನಿಂತ. ಅವ್ವ ಏನು ಮಾಡುತ್ತಾಳೋ ಎಂಬುದಷ್ಟೇ ಅವನಿಗಿದ್ದ ಭಯ, ತಂತಿಯ ನೆನಪೂ ಇರಲಿಲ್ಲ. ಅಷ್ಟರಲ್ಲಿ ದಿಬ್ಬದ ಆಚೆಯಿಂದ ಶೇವಂತೆವ್ವನ ಕೂಗು ಬಂತು.

"ಹತ್ತೇತ್ರೀ ಮಾಸ್ತರ, ದೀಪ ಹತ್ತೇತಿ."

ಅವನು ಗಳ ನೋಡಿದ, ತಂತಿ ನೋಡಿದ, ಕೆಳಗೆ ಕಪ್ಪಾಗಿ ನೆನೆದ ಮಣ್ಣು ನೋಡಿದ. ಉದ್ಧರಣೆ ನೆನಪಾಯಿತು. ಹಸಿ ನೆಲವಿದ್ದರೆ ಏರಿಯಲ್ಲಿಗೆ ಬಲವೆಂದು ಹುಡುಗರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವನು, ಚಮಚದಲ್ಲಿ ಭೂಮಿ ತೋಯಿಸುತ್ತಿದ್ದ. ನಗು ಅಳು ಒಟ್ಟಿಗೇ ಬಂದು, ಏಣಿಯ ಮೆಟ್ಟಿಲು ತಪ್ಪಿಸಿಕೊಳ್ಳುತ್ತ ಕೆಳಗೆ ಓಡಿಬಂದ.

ಒಳಗೆ ವೆಂಕೂಬಾಯಿಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು. ಕಿಟಕಿಯ ಆಚೆ ಬರಿಗೊಡ ಹಿಡಿದು ಕಾಶೀಬಾಯಿ ನಿಂತಿದ್ದಳು, ಬೈಸಿಕೊಳ್ಳಲು ತಯಾರಾದವಳ ಹಾಗೆ. ಅವನು ಏದುಸಿರು ಬಿಡುತ್ತ, "ಕಾಶವ್ವ, ನಿಮ್ಮ ಮನ್ಯಾಗ ದೀಪ ಈಗ ಹತ್ತೇದ. ಅವ್ವ ವಾರದಿಂದ ನಿನ್ನ ಕರೀಲಿಕ್ಕೆ ಹತ್ಯಾಳ, ನನ್ನ ತಪ್ಪಿಗೆ ಅದು ಮುಟ್ಟಿರಲಿಲ್ಲ" ಎಂದ.

ಕಾಶೀಬಾಯಿ ಒಮ್ಮೆ ದಿಬ್ಬದ ಕಡೆ ನೋಡಿದಳು, ಒಮ್ಮೆ ಕಿಟಕಿಯ ಕಡೆ ನೋಡಿದಳು.

"ಹತ್ತಲೇಳು. ನಾ ಇಲ್ಲೇ ಬಂದೇನಲ್ಲ" ಎಂದಳು. ಆಮೇಲೆ ಸರಳಿನ ಹತ್ತಿರ ಬಂದು, ಅಷ್ಟು ವರ್ಷ ಬಾಯಾರ ಬಾಯಾರ ಎನ್ನುತ್ತಿದ್ದವಳು ಮೆಲ್ಲಗೆ, "ವೆಂಕೂ, ಬಿಡs ಇನ್ನ ಅದನ್ನ. ಬೆರಳು ನೋಯ್ತೈತಿ" ಎಂದಳು.

ವೆಂಕೂಬಾಯಿ ಗುಂಡಿ ಬಿಟ್ಟಳು. ಎಡಗೈಯನ್ನು ಸರಳಿನ ನಡುವೆ ಹೊರಗೆ ಚಾಚಿದಳು. ಕಾಶೀಬಾಯಿ ರೂಢಿಯಂತೆ ಕೆಳಗೆ ಬೊಗಸೆ ಒಡ್ಡಿದಳು. ಆ ಕೈಯಲ್ಲಿ ಹಾಕುವುದಕ್ಕೆ ಏನೂ ಇರಲಿಲ್ಲ. ಅದು ಇಳಿದು ಬಂದು ಕಾಶೀಬಾಯಿಯ ಒದ್ದೆ ಬೊಗಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಪ್ರಹ್ಲಾದ ಮುಖ ತಿರುಗಿಸಿ ಅಡುಗೆಮನೆಗೆ ಹೋಗಿ, ಸುಮ್ಮನೆ ಎರಡು ತಂಬಿಗೆ ನೀರು ಕುಡಿದ.

ಆಮೇಲೆ ವೆಂಕೂಬಾಯಿ ಎರಡು ವರ್ಷ ಬದುಕಿದ್ದಳು. ತುಳಸಿಗೆ ದಿನವೂ ಕೊಡ ನೀರು ಬಿದ್ದಿತು, ದೀಪವೂ ದಿನವೂ ಹತ್ತಿತು. ಕೊನೆಕೊನೆಗೆ ಕಾಶೀಬಾಯಿ ದೀಪಕ್ಕೆ ಕಾಯದೆಯೂ ಬರುತ್ತಿದ್ದಳು, ಬಂದು ಒಳಗೆ ಹಾಸಿಗೆಯ ಪಕ್ಕದಲ್ಲೇ ಕೂರುತ್ತಿದ್ದಳು. ಆದರೂ ವೆಂಕೂಬಾಯಿ ಗುಂಡಿ ಒತ್ತುವುದನ್ನು ಬಿಡಲಿಲ್ಲ. ಎದುರಿಗೇ ಕೂತವಳನ್ನು ಕರೆಯುವುದು ಅವರಿಬ್ಬರ ತಮಾಷೆಯಾಗಿತ್ತು. ಆಕೆ ಹೋದ ಮೇಲೆ ಪ್ರಹ್ಲಾದ ಡಬ್ಬಿಯನ್ನು ಕಿಟಕಿಯಲ್ಲೇ ಬಿಟ್ಟ. ಕಾಶೀಬಾಯಿಯ ಮಾಡದೊಳಗಿನ ಡಬ್ಬಿಯನ್ನು ತಿರುಗಿ ಕೇಳಲು ಅವನಿಗೆ ಮನಸ್ಸಾಗಲಿಲ್ಲ.

ಈಗ ಮಧ್ಯಾಹ್ನದ ಅಂಗಳದಲ್ಲಿ ಟ್ರಂಕುಗಳು, ಹಾಸಿಗೆ ಸುರುಳಿಗಳು. ಬಂಡಿ ಬರಲು ಇನ್ನೂ ಹೊತ್ತಿತ್ತು. ತಂತಿ ಇಳಿಸಲು ಏಣಿ ಹಚ್ಚಿದವನು ತಡೆದ. ಇಷ್ಟು ದೂರ ಮುಟ್ಟುತ್ತಿದ್ದ ಡಬ್ಬಿ ಇನ್ನೂ ಮುಟ್ಟುತ್ತದೆಯೋ ಇಲ್ಲವೋ, ಒಮ್ಮೆ ನೋಡಿಯೇಬಿಡೋಣವೆನ್ನಿಸಿತು. ಹುಡುಗಾಟವಷ್ಟೇ, ಆ ಕಡೆಯ ಸೆಲ್ಲು ಸತ್ತು ಎಷ್ಟು ಕಾಲವಾಗಿದೆಯೋ. ಆದರೂ ಬ್ಯಾಟರಿಯಿಂದ ಸೆಲ್ಲು ತೆಗೆದು ಡಬ್ಬಿಗೆ ಹಾಕಿದ. ಬಾವಿಯಿಂದ ಕೊಡ ತುಂಬಿ ತಂದು ತುಳಸಿಯ ಬುಡಕ್ಕೆ ಪೂರ್ತಿ ಸುರಿದ. ಮಣ್ಣು ಕುಡಿಯುವತನಕ ಕಾದು, ಕಿಟಕಿಗೆ ಬಂದು, ಅವ್ವನ ಹೆಬ್ಬೆರಳಿಗೆ ಸವೆದ ಗುಂಡಿಯ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿದ. ಅಲ್ಲಿ ಹತ್ತಿತೋ ಇಲ್ಲವೋ ಇಲ್ಲಿಂದ ಹೇಗೆ ತಿಳಿಯಬೇಕು? ಬಿಟ್ಟು, ಏಣಿ ಹತ್ತಿ, ಬೇವಿನ ಕೊಂಬೆಯ ಗಂಟು ಬಿಚ್ಚತೊಡಗಿದ.

ಗಂಟು ಬಿಚ್ಚಿ ಇಳಿಯುವ ಹೊತ್ತಿಗೆ ದಿಬ್ಬದ ಬದಿಯಿಂದ ಕೋಲೂರಿಕೊಂಡು ಕಾಶೀಬಾಯಿ ಬರುತ್ತಿದ್ದಳು. ಸೆರಗಿನ ತುದಿಯಲ್ಲಿ ಏನೋ ಗಂಟಿತ್ತು. ಬಂದು, ಹೊಸ್ತಿಲ ಹೊರಗೆ ತನ್ನ ಹಳೇ ಜಾಗದಲ್ಲಿ ಕೂತು, ಸುಧಾರಿಸಿಕೊಂಡಳು. ಅವನು ತಂತಿಯ ಸುರುಳಿ ಕೆಳಗಿಟ್ಟು ಹತ್ತಿರ ಬಂದ. ಮಾಡದೊಳಗಿನ ಡಬ್ಬಿಗೆ ಇಷ್ಟು ವರ್ಷ ಸೆಲ್ಲು ಹಾಕಿದವರು ಯಾರೆಂದು ಕೇಳಿದ.

"ಶೇವಂತಿ ಹಾಕ್ತಾಳ. ನಾನs ಹಾಕಸ್ತೇನಿ" ಎಂದಳು ಕಾಶೀಬಾಯಿ, ಸೆರಗಿನ ಗಂಟು ಬಿಚ್ಚುತ್ತ. "ಆಕಿ ಇಲ್ಲಂತ ನನಗೇನ ಗೊತ್ತಿಲ್ಲೇನೋ ತಮ್ಮಾ. ಆದ್ರೂ ಮಧ್ಯಾನ್ನ ಆತಂದ್ರ ಹಂಗ ಮಾಡದ ಮುಂದ ಕುಂದರ್ತೇನಿ. ಇವತ್ತ ಹತ್ತಿತು. ಕರದ್ರ ಬರಬೇಕಲ್ಲ, ಬಂದ್ನಿ."

ಹಸಿ ಶೇಂಗಾವನ್ನು ಆಕೆ ಅವನ ಕೈಯಲ್ಲೇ ಇಟ್ಟಳು. ಪ್ರಹ್ಲಾದ ಹೊಸ್ತಿಲ ಒಳಗೆ, ಅವ್ವ ಕೂರುತ್ತಿದ್ದ ಕಡೆ ಕೂತ. ಬಂಡಿ ಬಂದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಶೇಂಗಾ ಸುಲಿಯುತ್ತ ಹಾಗೇ ಕೂತಿದ್ದರು. ಕೆಳಗಿಳಿಸಿದ ತಂತಿಯನ್ನು ಅವನು ಮತ್ತೆ ಮೇಲೆ ಕಟ್ಟಿಸಿಯೇ ಊರು ಬಿಟ್ಟ.